ಕೂಲಿಯಾಳಿನ ಬಿಡಾರದ ಖರ್ಚನ್ನು ಯಾರು ಹೊರತಕ್ಕದ್ದು?

ಸುಗ್ಗಿ ತೀರಿ ಕಣ ಬರಿದಾದ ಮೇಲೆ ನಮ್ಮ ಗ್ರಾಮಗಳಲ್ಲಿ ಎಷ್ಟು ಮನೆಗಳ ಬಾಗಿಲಿಗೆ ಬೀಗ ಬೀಳುತ್ತದೆಂಬದನ್ನು ನೀವೆಲ್ಲರೂ ಬಲ್ಲಿರಿ. ರಾಯಚೂರು, ಯಾದಗಿರಿ, ಕಲಬುರಗಿ ಸೀಮೆಗಳಿಂದ ಜನರು ಗುಂಪುಗುಂಪಾಗಿ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೂ, ಬೇರೆ ಕೆಲವರು ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟಗಳಿಗೂ ಹೋಗುತ್ತಾರೆ. ಎರಡು ತಿಂಗಳಿಗೆಂದು ಹೊರಟವರು ಎರಡು ವರುಷ ಅಲ್ಲಿಯೇ ನಿಲ್ಲುವದೂ ಉಂಟು. ಕೂಲಿ ಎಷ್ಟು, ಮುಂಗಡ ಎಷ್ಟು ಎಂದು ನಾವು ವಿಚಾರಿಸುತ್ತೇವೆ. ಅವರು ರಾತ್ರಿ ಎಲ್ಲಿ ಮಲಗುತ್ತಾರೆ, ಆ ಸ್ಥಳದ ಖರ್ಚನ್ನು ಯಾರು ತೆರುತ್ತಾರೆ ಎಂದು ವಿಚಾರಿಸುವವರು ಕಡಿಮೆ. ನಾವೂ ಬಹುಕಾಲ ವಿಚಾರಿಸಿರಲಿಲ್ಲ.

ಈ ಸಂಗತಿಯು ನಮ್ಮ ಮನಸ್ಸಿಗೆ ಹತ್ತಿದ ರೀತಿ ಹೀಗೆ. ನಮ್ಮ ಪರಿಚಯದ ಒಬ್ಬ ಮೇಸ್ತ್ರಿಗಳು ನಾಲ್ವತ್ತು ಆಳುಗಳನ್ನು ಕಟ್ಟಿಕೊಂಡು ಪಟ್ಟಣದಲ್ಲಿ ಒಂದು ದೊಡ್ಡ ಕಟ್ಟಡದ ಗಾರೆಕೆಲಸವನ್ನು ಗುತ್ತಿಗೆ ಹಿಡಿದಿದ್ದರು. ಹಬ್ಬಕ್ಕೆ ಊರಿಗೆ ಬಂದಾಗ ಅವರು ನಮ್ಮಲ್ಲಿಗೆ ಬಂದು, ಕೆಲವು ಹೊತ್ತು ಸುಮ್ಮನೆ ಕೂತಿದ್ದು, ಆಮೇಲೆ ಅಂದದ್ದೇನಂದರೆ: "ಅಯ್ಯನವರೇ, ನನ್ನ ಮನಸ್ಸಿನಲ್ಲಿ ಒಂದು ಸಂಶಯವಿದೆ. ಯಜಮಾನರು ಚದರಡಿಗೆ ಇಷ್ಟೆಂದು ದರ ಕಟ್ಟಿದ್ದಾರೆ. ಅದರಲ್ಲಿ ಬಿಡಾರದ ಮಾತೇ ಇಲ್ಲ. ತಗಡಿನ ಶೆಡ್ಡು, ನೀರಿನ ಟ್ಯಾಂಕರು, ಕರೆಂಟು, ಕಕ್ಕಸು, ಎಲ್ಲವೂ ನನ್ನ ಕೈಯಿಂದಲೇ ಆಗಬೇಕು. ಅದಕ್ಕಾಗಿ ಆಳೊಂದಕ್ಕೆ ದಿವಸಕ್ಕೆ ಮೂವತ್ತು ರೂಪಾಯಿ ಕೂಲಿಯಲ್ಲಿ ಹಿಡಿಯುತ್ತೇನೆ. ಇದು ತಪ್ಪೋ?"

ನಾವು ಹೆಚ್ಚು ಆಲೋಚಿಸದೆ ಉತ್ತರ ಕೊಟ್ಟೆವು. ಮೂವತ್ತು ರೂಪಾಯಿಗೆ ಪಟ್ಟಣದಲ್ಲಿ ಯಾರು ಸ್ಥಳ ಕೊಡುತ್ತಾರೆ, ಪುಕ್ಕಟೆ ಸಿಕ್ಕಿದ್ದನ್ನು ಜನರು ಜೋಪಾನ ಮಾಡುವದಿಲ್ಲ, ಸ್ವಲ್ಪ ಹಿಡಿಯುವದರಲ್ಲಿ ದೋಷವಿಲ್ಲ ಎಂದು ಹೇಳಿ ಕಳುಹಿಸಿದೆವು. ಅವರು ಸಮಾಧಾನದಿಂದ ಹೋದರು. ಆ ಉತ್ತರವನ್ನು ನಾವು ಕೊಟ್ಟದ್ದು ಊಟವಾದ ಮೇಲೆ, ಫ್ಯಾನಿನ ಕೆಳಗೆ ಕೂತುಕೊಂಡು ಎಂಬದನ್ನು ಇಲ್ಲಿ ಬರೆಯದೆ ಬಿಟ್ಟರೆ ವಾಚಕರಿಗೆ ವಂಚನೆ ಮಾಡಿದಂತಾಗುವದು.

ಕೆಲವು ತಿಂಗಳಾದ ಮೇಲೆ, ಎಪ್ರಿಲಿನ ಒಂದು ಸಾಯಂಕಾಲ, ಬೇರೆ ಕಾರ್ಯದ ನಿಮಿತ್ತ ಪಟ್ಟಣಕ್ಕೆ ಹೋದ ನಾವು ಆ ಬಿಡಾರವನ್ನು ನೋಡಿದೆವು. ಉದ್ದವಾದ ತಗಡಿನ ಶೆಡ್ಡು; ಒಳಗೆ ಎರಡು ಕಡೆಗಳಲ್ಲಿಯೂ ಹಲಿಗೆಗಳ ಮೇಲೆ ಹಲಿಗೆ; ಮೊಳೆಗಳಿಗೆ ತೂಗುಹಾಕಿದ ಅಂಗಿಗಳು; ನಡುವೆ ಅನ್ನ ಬೇಯಿಸುವ ಒಲೆಗಳು. ಹೊತ್ತು ಮುಳುಗಿ ಎರಡು ತಾಸಾಗಿದ್ದರೂ ಒಳಗಿನ ಸೆಕೆ ಆರಿರಲಿಲ್ಲ. ಒಂದು ಮೂಲೆಯಲ್ಲಿ ವಯಸ್ಸಾದ ಒಬ್ಬ ಗಾರೆಯವನು ಜ್ವರದಿಂದ ಮಲಗಿದ್ದನು. ಹನ್ನೊಂದು ದಿವಸದಿಂದ ಅವನು ಕೆಲಸಕ್ಕೆ ಹೋಗಿರಲಿಲ್ಲ. ಮೇಸ್ತ್ರಿಗಳ ಲೆಕ್ಕದ ಪುಸ್ತಕವನ್ನು ನೋಡಿದಾಗ ಅವನ ಹೆಸರಿನ ಮುಂದೆ ಹನ್ನೊಂದು ದಿವಸ ಕೂಲಿ ಇಲ್ಲವೆಂದೂ, ಅದೇ ಹನ್ನೊಂದು ದಿವಸಕ್ಕೆ ಬಿಡಾರದ ಬಾಬ್ತು 330 ರೂಪಾಯಿ ಸಾಲವೆಂದೂ ಬರೆದಿತ್ತು. ಮೇಸ್ತ್ರಿಗಳು ಕ್ರೂರರಲ್ಲ, ಔಷಧವನ್ನು ತಾವೇ ತಂದುಕೊಟ್ಟಿದ್ದರು. ಪುಸ್ತಕದಲ್ಲಿ ಹಾಗೆ ಬರೆಯುವದು ವಾಡಿಕೆ, ಬರೆದರು, ಅಷ್ಟೇ. ಕೂಲಿಯು ಕೆಲಸವಿದ್ದ ದಿವಸ ಮಾತ್ರ ಬರುತ್ತದೆ; ಬಾಡಿಗೆಯಾದರೋ ಮಳೆಯಲ್ಲಿಯೂ, ಜ್ವರದಲ್ಲಿಯೂ, ಆದಿತ್ಯವಾರದಲ್ಲಿಯೂ, ಸಿಮೆಂಟು ಬಾರದೆ ಕೆಲಸ ನಿಂತ ದಿವಸದಲ್ಲಿಯೂ ಏರುತ್ತಲೇ ಇರುತ್ತದೆ. ದಿವಸಕ್ಕೆ ಮೂವತ್ತು ಎಂಬ ಮಾತು ಕಿವಿಗೆ ಚಿಕ್ಕದು. ಆದರೆ ತಿಂಗಳಲ್ಲಿ ಮೂವತ್ತು ದಿವಸ ಬಾಡಿಗೆ, ಇಪ್ಪತ್ತೆರಡು ದಿವಸ ಕೂಲಿ ಎಂದು ಅದನ್ನು ಬಿಡಿಸಿ ನೋಡಿದವರಿಗೆ ಅದು ಚಿಕ್ಕದಾಗಿ ತೋರದು. ಆ ರಾತ್ರಿ ನಾವು ಕೊಟ್ಟ ಉತ್ತರವನ್ನು ನಾವೇ ಮತ್ತೆ ವಿಚಾರಣೆಗೆ ನಿಲ್ಲಿಸಿದೆವು.

ಮೊದಲನೆಯ ಪ್ರಶ್ನೆ ಏನಂದರೆ, ಈ ಬಿಡಾರವು ಯಾವ ಜಾತಿಯ ವಸ್ತು? ಅದು ಕೂಲಿಯ ಒಂದು ಭಾಗವೋ, ಯಜಮಾನನ ದಯೆಯೋ, ಇಲ್ಲವೆ ಕೆಲಸದ ಉಪಕರಣವೋ? ಗಾರೆಯವನು ಸಾರವೆಯ ಮೇಲೆ ನಿಂತು ಗೋಡೆಗೆ ಗಾರೆ ಹಾಕುತ್ತಾನೆ. ಆ ಸಾರವೆಯ ಬಾಡಿಗೆಯನ್ನು ಅವನ ಕೂಲಿಯಲ್ಲಿ ಹಿಡಿದ ಮೇಸ್ತ್ರಿಯನ್ನು ನಾವು ಕಂಡಿಲ್ಲ. ಕಾಂಕ್ರೀಟು ಕಲಸುವ ಯಂತ್ರಕ್ಕೆ ಸುರಿದ ಡೀಸೆಲ್ಲಿನ ಹಣವನ್ನು ಆಳುಗಳ ತಲೆಗೆ ಹಂಚಿದವರನ್ನೂ ಕಂಡಿಲ್ಲ. ಯಾಕಂದರೆ ಸಾರವೆ ಇಲ್ಲದೆ ಕಟ್ಟಡ ಏಳುವದಿಲ್ಲವೆಂದು ಎಲ್ಲರೂ ಬಲ್ಲರು. ನಾನೂರು ಕಿಲೋಮೀಟರು ದೂರದಿಂದ ಕರೆದುಕೊಂಡು ಬಂದ ಆಳು ಕೆಲಸದ ಸ್ಥಳದ ಬಳಿ ಮಲಗದಿದ್ದರೂ ಕಟ್ಟಡ ಏಳುವದಿಲ್ಲ. ಶೆಡ್ಡು ಅಲ್ಲಿ ನಿಂತಿರುವದು ಆಳಿನ ಆಸೆಯಿಂದಲ್ಲ, ಕಟ್ಟಡದ ಅಗತ್ಯದಿಂದ. ಕಟ್ಟಡ ಮುಗಿದ ದಿವಸ ಸಾರವೆಯನ್ನು ಬಿಚ್ಚುವಂತೆಯೇ ಅದನ್ನೂ ಬಿಚ್ಚುತ್ತಾರೆ. ಆದದರಿಂದ ನಮ್ಮ ಅಭಿಪ್ರಾಯದಲ್ಲಿ ಅದು ಮನೆಗಿಂತ ಸಾರವೆಗೆ ಹತ್ತಿರದ ಸಂಬಂಧಿ.

ಇದಕ್ಕೆ ಬುದ್ಧಿವಂತರಾದ ಕೆಲವರು ಆಕ್ಷೇಪ ಮಾಡುವರು. ಮನುಷ್ಯನು ಎಲ್ಲಿದ್ದರೂ ಎಲ್ಲಿಯೋ ಒಂದು ಕಡೆ ಮಲಗಲೇಬೇಕು. ಊರಿನಲ್ಲಿದ್ದಿದ್ದರೆ ತನ್ನ ಮನೆಯ ಖರ್ಚನ್ನು ತಾನೇ ನೋಡಿಕೊಳ್ಳುತ್ತಿದ್ದನು. ಪಟ್ಟಣಕ್ಕೆ ಬಂದ ಮಾತ್ರಕ್ಕೆ ಆ ಖರ್ಚು ಇನ್ನೊಬ್ಬನ ಮೇಲೆ ಬೀಳುವದು ಹೇಗೆ ಎಂದು. ಈ ಆಕ್ಷೇಪದಲ್ಲಿ ಸತ್ವವಿಲ್ಲವೆಂದು ನಾವು ಹೇಳುವದಿಲ್ಲ. ಆದರೆ ಊರಿನ ಮನೆ ಎಲ್ಲಿಗೆ ಹೋಯಿತು? ಅದು ಅಲ್ಲಿಯೇ ನಿಂತಿದೆ. ಅದರ ಮಾಳಿಗೆಗೆ ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕಬೇಕು. ಅದರ ಕರೆಂಟಿನ ಬಿಲ್ಲು ಬರುತ್ತದೆ. ಅದರೊಳಗೆ ತಾಯಿ ಇದ್ದಾಳೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಒಂದೇ ಕೂಲಿಯಿಂದ ಎರಡು ಸೂರುಗಳನ್ನು ಹೊರುವವನಿಗೆ, ನೀನು ಹೇಗೂ ಒಂದು ಸೂರನ್ನು ಹೊರತಕ್ಕವನೇ ಎಂದು ಹೇಳುವದು ನ್ಯಾಯವಾಗಿ ತೋರುವದಿಲ್ಲ.

ಆದರೂ ಕೆಲಸ ದೀರ್ಘವಾದಷ್ಟೂ ಪ್ರಶ್ನೆ ಬಿಕ್ಕಟ್ಟಾಗುತ್ತದೆಂಬದನ್ನು ಒಪ್ಪಬೇಕು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು, ತನಗೆ ಬೇಕಾದ ಬೀದಿಯಲ್ಲಿ ತಾನೇ ಹುಡುಕಿ ಮನೆ ಹಿಡಿದು, ಇಂದು ಈ ಮೇಸ್ತ್ರಿಯ ಕೆಳಗೆ ನಾಳೆ ಮತ್ತೊಬ್ಬನ ಕೆಳಗೆ ದುಡಿಯುವವನ ಬಾಡಿಗೆ ಅವನದೇ ಸರಿ. ಕೂಲಿಯು ಅದಕ್ಕೆ ಸಾಲುವಷ್ಟಿರಬೇಕೆಂಬದು ಬೇರೆ ಮಾತು. ಇವೆರಡರ ನಡುವಣ ಗಡಿಯನ್ನು ಎಷ್ಟು ತಿಂಗಳು ಎಂದು ಎಣಿಸಿ ಹಾಕಲಾಗದು. ನಾವು ಹೀಗೆ ಹಾಕುತ್ತೇವೆ: ಬಾಗಿಲಿನ ಬೀಗದಕೈ ಯಾರ ಹತ್ತಿರ ಇದೆ? ಸ್ಥಳವನ್ನು ಆರಿಸಿದವನು ಯಜಮಾನನು, ಕೆಲಸ ಮುಗಿದ ದಿವಸ ಹೊರಡೆನ್ನುವವನೂ ಯಜಮಾನನು ಆಗಿರುವ ವರೆಗೆ, ಐದು ವರುಷವಾದರೂ ಅದು ಸಾರವೆಯೇ. ಕೆಲಸ ಬಿಟ್ಟರೂ ಮನೆ ಉಳಿಯುವದಾದರೆ, ಒಂದು ತಿಂಗಳಿನದಾದರೂ ಅದು ಮನೆಯೇ.

ಈ ಆಲೋಚನೆಯು ನಮ್ಮ ತಲೆಯಲ್ಲಿ ಮಾತ್ರ ಹುಟ್ಟಿದ್ದಲ್ಲ. ದೇಶದ ಕಾನೂನು ಕೂಡ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ನಡೆದಿದೆ. 1936ರ ವೇತನ ಪಾವತಿ ಕಾನೂನು ಮನೆಯ ಬಾಬ್ತು ಕೂಲಿಯಲ್ಲಿ ಹಿಡಿಯುವದಕ್ಕೆ ಎಡೆ ಕೊಟ್ಟಿತು. ಆದರೆ ಕೆಲಸಗಾರನು ಆ ಮನೆಯನ್ನು ಕರಾರಿನಂತೆ ಒಪ್ಪಿಕೊಂಡಿರಬೇಕು, ಹಿಡಿದ ಹಣವು ಮನೆಯ ಬೆಲೆಗಿಂತ ಹೆಚ್ಚಾಗಬಾರದು ಎಂದು ಬೇಲಿ ಹಾಕಿತು. 1948ರ ಕನಿಷ್ಠ ವೇತನ ಕಾನೂನು ಒಂದು ಹೆಜ್ಜೆ ಮುಂದೆ ಹೋಗಿ, ಯಜಮಾನನು ಕೊಟ್ಟ ವಾಸಸ್ಥಳ, ದೀಪ, ನೀರು ಇವುಗಳ ಬೆಲೆಯನ್ನು ವೇತನದೊಳಗೆ ಎಣಿಸಬಾರದೆಂದು ಹೇಳಿತು. ಕಟ್ಟಡದ ಕೆಲಸಗಾರರ ವಿಷಯದಲ್ಲಿ 1996ರ ಕಾನೂನು ಇನ್ನೂ ಸ್ಪಷ್ಟವಾಗಿ ಮಾತಾಡಿತು: ಕೆಲಸ ನಡೆಯುವ ವರೆಗೆ ಕೆಲಸದ ಸ್ಥಳದಲ್ಲಿ ಇಲ್ಲವೆ ಆದಷ್ಟು ಹತ್ತಿರದಲ್ಲಿ ತಾತ್ಕಾಲಿಕ ವಸತಿಯನ್ನು ಪುಕ್ಕಟೆಯಾಗಿ ಕೊಡಬೇಕು, ಅಡಿಗೆಗೆ, ಸ್ನಾನಕ್ಕೆ, ಬಟ್ಟೆ ಒಗೆಯುವದಕ್ಕೆ, ಕಕ್ಕಸಿಗೆ ಬೇರೆ ಬೇರೆ ಸ್ಥಳವಿರಬೇಕು, ಕೆಲಸ ಮುಗಿದ ಮೇಲೆ ಯಜಮಾನನೇ ತನ್ನ ಖರ್ಚಿನಿಂದ ಅದನ್ನು ತೆಗೆಸಿ ನೆಲವನ್ನು ಮೊದಲಿನಂತೆ ಮಾಡಬೇಕು. ಹೀಗಿರಲಾಗಿ ನಮ್ಮ ಮೇಸ್ತ್ರಿಗಳ ಮೂವತ್ತು ರೂಪಾಯಿಗೆ ಧರ್ಮದಲ್ಲಿಯೂ ಆಧಾರವಿರಲಿಲ್ಲ, ಕಾನೂನಿನಲ್ಲಿಯೂ ಇರಲಿಲ್ಲ. ಇದು ಅವರಿಗೆ ಗೊತ್ತಿರಲಿಲ್ಲ. ಬುದ್ಧಿ ಹೇಳಿದ ನಮಗೂ ಗೊತ್ತಿರಲಿಲ್ಲ.

ಕಾನೂನುಗಳ ವಿಷಯದಲ್ಲಿ ಒಂದು ವಿಚಿತ್ರವನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಊರು ಬಿಟ್ಟು ದುಡಿಯಹೋಗುವವರಿಗಾಗಿ 1979ರಲ್ಲಿ ಒಂದು ವಿಶೇಷ ಕಾನೂನು ಆಯಿತು. ಗುತ್ತಿಗೆದಾರನು ತಕ್ಕ ವಸತಿಯನ್ನೂ ಹೋಗಿಬರುವ ದಾರಿಖರ್ಚನ್ನೂ ಕೊಡಬೇಕೆಂದಿತು. ಆದರೆ ಅದು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋದವರಿಗೆ ಮಾತ್ರ. ರಾಯಚೂರಿನವನು ಸುಮಾರು 200 ಕಿಲೋಮೀಟರು ದೂರದ ಹೈದರಾಬಾದಿಗೆ ಹೋದರೆ ಆ ಕಾನೂನಿನ ನೆರಳು ಅವನ ಮೇಲೆ ಬೀಳುತ್ತಿತ್ತು. ಅದರ ಎರಡರಷ್ಟು ದೂರದ ಬೆಂಗಳೂರಿಗೆ ಹೋದರೆ ಬೀಳುತ್ತಿರಲಿಲ್ಲ. ಮನೆಯಿಂದ ದೂರವಾದ ದುಃಖವು ರಾಜ್ಯದ ಗಡಿಯನ್ನು ನೋಡಿ ಹುಟ್ಟುವದಲ್ಲವಷ್ಟೆ! ಈಗ ಈ ಕಾನೂನುಗಳೆಲ್ಲ 2019 ಮತ್ತು 2020ರ ನಾಲ್ಕು ಕಾರ್ಮಿಕ ಸಂಹಿತೆಗಳೊಳಗೆ ಸೇರಿಹೋಗಿವೆ. ಆ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಲ್ಲಿವೆ. ಆಳು ಕಟ್ಟುವ ನಮ್ಮ ಸಹೋದರರು ಅವುಗಳ ನಿಯಮಗಳನ್ನು ಓದಬಲ್ಲ ಒಬ್ಬರಿಂದ ಓದಿಸಿಕೊಳ್ಳುವದು ಒಳ್ಳೇದು.

ಒಂದು ನ್ಯಾಯಾಲಯದ ಸಂಗತಿಯೂ ನೆನಪಿಗೆ ಬರುತ್ತದೆ. 1982ರಲ್ಲಿ ದಿಲ್ಲಿಯಲ್ಲಿ ಏಷ್ಯಾ ಕ್ರೀಡಾಕೂಟಕ್ಕಾಗಿ ದೊಡ್ಡ ಕಟ್ಟಡಗಳು ಏಳುತ್ತಿದ್ದಾಗ ಆಳುಗಳಿಗೆ ದಿವಸಕ್ಕೆ 9 ರೂಪಾಯಿ 25 ಪೈಸೆ ಕನಿಷ್ಠ ಕೂಲಿ ಎಂದಿತ್ತು. ನಡುವಣ ಜಮಾದಾರರು ಅದರಲ್ಲಿ ಒಂದು ರೂಪಾಯಿ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಿದ್ದರು. ಸುಪ್ರೀಂ ಕೋರ್ಟು ಆ ವರುಷ ಕೊಟ್ಟ ತೀರ್ಪಿನಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವದು ಸಂವಿಧಾನವು ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಹೇಳಿತು. ಆ ಜಮಾದಾರರಲ್ಲಿ ಒಬ್ಬೊಬ್ಬನನ್ನೂ ಕರೆದು ಕೇಳಿದ್ದರೆ, ಒಂದು ರೂಪಾಯಿ ಏನು ಮಹಾ ಎಂದೇ ಹೇಳುತ್ತಿದ್ದನು. ನಾವು ಮೂವತ್ತು ರೂಪಾಯಿಗೆ ಹೇಳಿದ್ದೂ ಇದೇ ಮಾತಲ್ಲವೇ?

ಯಜಮಾನನೇ ಮನೆಯೊಡೆಯನೂ ಆದರೆ ಏನಾಗುವದೆಂಬದಕ್ಕೆ ದೂರದೇಶದ ಎರಡು ಊರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಅಮೇರಿಕ ದೇಶದ ಶಿಕಾಗೋ ಪಟ್ಟಣದ ಬಳಿಯಲ್ಲಿ ಜಾರ್ಜ್ ಪುಲ್‌ಮನ್ ಎಂಬ ರೈಲುಗಾಡಿಗಳ ಕಾರ್ಖಾನೆಯವನು 1880ರಿಂದ ತನ್ನ ಕೆಲಸಗಾರರಿಗಾಗಿ ಒಂದು ಊರನ್ನೇ ಕಟ್ಟಿಸಿದನು. ಇಟ್ಟಿಗೆಯ ಮನೆಗಳು, ತೋಟಗಳು, ಪುಸ್ತಕಶಾಲೆ ಎಲ್ಲವೂ ಇದ್ದವು, ನೋಡಿದವರೆಲ್ಲರೂ ಹೊಗಳಿದರು. ಆದರೆ ಆ ಊರು ಹಾಕಿದ ಬಂಡವಾಳಕ್ಕೆ ನೂರಕ್ಕೆ ಆರರಂತೆ ಲಾಭ ತರಬೇಕೆಂದು ಅವನು ಗೊತ್ತುಮಾಡಿದ್ದನು. 1893ರಲ್ಲಿ ವ್ಯಾಪಾರ ಕುಸಿದಾಗ ಕೂಲಿಯನ್ನು ಸುಮಾರು ನಾಲ್ಕರಲ್ಲಿ ಒಂದು ಪಾಲು ಇಳಿಸಿದರು. ಮನೆಯ ಬಾಡಿಗೆಯನ್ನು ಇಳಿಸಲಿಲ್ಲ. ಕಾರ್ಖಾನೆಯ ಲೆಕ್ಕ ಬೇರೆ, ಮನೆಗಳ ಲೆಕ್ಕ ಬೇರೆ ಎಂಬದೇ ಕಂಪನಿಯ ಉತ್ತರ. ಕೆಲಸಗಾರನಿಗಾದರೋ ಇರುವದು ಒಂದೇ ಜೇಬು. 1894ರ ಮೇ ತಿಂಗಳಲ್ಲಿ ಅಲ್ಲಿ ಹರತಾಳವಾಗಿ, ಅದು ರೈಲುಗಳಿಗೆ ಹಬ್ಬಿ, ಸೈನ್ಯ ಬಂದು ರಕ್ತ ಹರಿಯಿತು. ಕಡೆಗೆ 1898ರಲ್ಲಿ ಆ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯವು, ರೈಲುಗಾಡಿ ಮಾಡುವ ಕಂಪನಿಗೆ ಊರನ್ನು ಇಟ್ಟುಕೊಳ್ಳುವ ಅಧಿಕಾರವಿಲ್ಲ, ಮನೆಗಳನ್ನು ಮಾರಬೇಕೆಂದು ತೀರ್ಪು ಮಾಡಿತು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಟ್ಟಣದ ಬಳಿ ಚಾಕೊಲೇಟಿನ ಕಾರ್ಖಾನೆಯ ಜಾರ್ಜ್ ಕ್ಯಾಡ್ಬರಿ ಎಂಬವನೂ ಬೋರ್ನ್‌ವಿಲ್ ಎಂಬ ಊರನ್ನು ಕಟ್ಟಿಸಿದನು. ಆದರೆ ಅವನು ಅದನ್ನು 1900ರಲ್ಲಿ ತನ್ನ ಕೈಯಿಂದ ಬಿಟ್ಟು ಒಂದು ಧರ್ಮನಿಧಿಗೆ ಒಪ್ಪಿಸಿಬಿಟ್ಟನು. ಬಾಡಿಗೆಯಿಂದ ಮಿಕ್ಕ ಹಣವು ಹೊಸ ಮನೆಗಳಿಗೇ ಹೋಗತಕ್ಕದ್ದು. ಆ ಮನೆಗಳಲ್ಲಿ ಅವನ ಕಾರ್ಖಾನೆಯವರಲ್ಲದೆ ಹೊರಗಿನವರೂ ವಾಸಿಸಬಹುದು. ಅಂದರೆ ಚಾಕೊಲೇಟಿನ ಕೆಲಸ ಬಿಟ್ಟವನು ಮರುದಿವಸ ಮಂಚ ಹೊತ್ತುಕೊಂಡು ಬೀದಿಗೆ ಇಳಿಯಬೇಕಾಗಿರಲಿಲ್ಲ. ಇಬ್ಬರೂ ಒಳ್ಳೇ ಮನೆಗಳನ್ನು ಕಟ್ಟಿಸಿದವರೇ. ಒಬ್ಬನು ಬೀಗದಕೈಯನ್ನು ಇಟ್ಟುಕೊಂಡನು, ಮತ್ತೊಬ್ಬನು ಕೊಟ್ಟುಬಿಟ್ಟನು. ನಮ್ಮ ದೇಶದಲ್ಲಿಯೂ ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಶನಿನವರು ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ, ಕೂಲಿ ಕೊಡುವವರೂ ನೆಲ ಮನೆ ಕೊಡುವವರೂ ಬುದ್ಧಿ ಹೇಳುವವರೂ ಒಂದೇ ಮನೆತನದವರಂತೆ ಇದ್ದ ಕಾಲವೊಂದಿತ್ತು. ಅದರಿಂದ ನಮ್ಮ ಹಿರಿಯರಿಗೆ ಆದ ಉಪಕಾರವನ್ನು ಅಲ್ಲಗಳೆಯುವದಿಲ್ಲ. ಆದರೆ ಮನಸ್ಸಿಗೆ ಬಂದದ್ದನ್ನು ಮೂವರಲ್ಲಿ ಯಾರ ಮುಂದೆ ಹೇಳಿದರೂ ಉಳಿದ ಇಬ್ಬರಿಗೆ ತಿಳಿಯುವಂತಿದ್ದರೆ ಬಾಯಿ ಕಟ್ಟಿಹೋಗುವದು ಸಹಜ.

ಇನ್ನು ಖರ್ಚಿನ ಮಾತಿಗೆ ಬರೋಣ. ಧರ್ಮ ಸರಿ, ಹಣ ಎಲ್ಲಿಂದ ಬರಬೇಕೆಂದು ಮೇಸ್ತ್ರಿಗಳು ಕೇಳುವರು; ಕೇಳಲೇಬೇಕು. ಲೆಕ್ಕಕ್ಕೆ ಸುಲಭವಾಗುವಂತೆ, ನಾಲ್ವತ್ತು ಜನರ ಶೆಡ್ಡಿಗೆ ಆರು ಲಕ್ಷ ರೂಪಾಯಿ ಬಿತ್ತೆಂದೂ ಕೆಲಸವು ಎರಡು ವರುಷ, ಅಂದರೆ 730 ದಿವಸ ನಡೆಯುವದೆಂದೂ ಇಟ್ಟುಕೊಳ್ಳೋಣ. ಹಂಚಿದರೆ ಆಳೊಂದಕ್ಕೆ ದಿವಸಕ್ಕೆ ಇಪ್ಪತ್ತು ರೂಪಾಯಿ ಚಿಲ್ಲರೆ ಆಗುವದು. ನೀರು, ಕರೆಂಟು, ಕಕ್ಕಸು ತೊಳೆಯುವವರ ಸಂಬಳ ಇವುಗಳಿಗೆ ತಿಂಗಳಿಗೆ ಮೂವತ್ತು ಸಾವಿರವೆಂದರೆ ಆಳೊಂದಕ್ಕೆ ದಿವಸಕ್ಕೆ ಇಪ್ಪತ್ತೈದು. ಎಲ್ಲ ಸೇರಿ ನಾಲ್ವತ್ತೈದರ ಮೇಲೆ. ಈ ಹಣವನ್ನು ಗುತ್ತಿಗೆಯ ದರ ಕಟ್ಟುವ ದಿವಸವೇ ಕಾಗದದ ಮೇಲೆ ಬರೆದಿದ್ದರೆ ಅದು ಕಟ್ಟಡದ ಬೆಲೆಯಲ್ಲಿ ಸೇರಿಹೋಗುತ್ತಿತ್ತು. ಸಿಮೆಂಟಿನ ಬೆಲೆ ಸೇರುವದಿಲ್ಲವೇ? ಬರೆಯದೆ ಬಿಟ್ಟದ್ದರಿಂದಲೇ ಅದು ಆಮೇಲೆ ಯಾರ ತಲೆ ಕೆಳಗಿದೆಯೋ ಅವರ ತಲೆಯ ಮೇಲೆ ಬೀಳುತ್ತದೆ. ಪೈಪೋಟಿಯಲ್ಲಿ ಕಡಿಮೆ ದರ ಹೇಳಬೇಕೆಂಬ ಭಯವೇ ಈ ಮರೆವಿನ ತಾಯಿ. 1970ರ ಗುತ್ತಿಗೆ ಕಾರ್ಮಿಕರ ಕಾನೂನು ಇದನ್ನು ಚೆನ್ನಾಗಿ ಬಲ್ಲದ್ದಾಗಿತ್ತು; ಹೇಗಂದರೆ, ಗುತ್ತಿಗೆದಾರನು ಆಳುಗಳ ಸೌಕರ್ಯಗಳನ್ನು ಒದಗಿಸದಿದ್ದರೆ ಮುಖ್ಯ ಯಜಮಾನನೇ ಒದಗಿಸಿ, ಆ ಖರ್ಚನ್ನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ ಎಂದಿತು. ಮೇಲಿನವರು ಇಬ್ಬರೂ ತಮ್ಮೊಳಗೆ ಜಗಳವಾಡಬಹುದು; ಕೆಳಗಿನವನಿಗೆ ನೀರು ನಿಲ್ಲಬಾರದು.

ಖರ್ಚನ್ನು ಇಳಿಸುವದಕ್ಕೆ ನ್ಯಾಯವಾದ ಮಾರ್ಗಗಳು ಇಲ್ಲದಿಲ್ಲ. ವರುಷಕ್ಕಿಂತ ಹೆಚ್ಚು ನಡೆಯುವ ಕೆಲಸಕ್ಕೆ ಹಳೇ ತಗಡನ್ನು ಮೂರು ಸಾರಿ ಮಾರ್ಪಡಿಸುವದಕ್ಕಿಂತ ಹತ್ತಿರದ ಹಳ್ಳಿಯಲ್ಲಿ ಮನೆಗಳನ್ನು ಒಟ್ಟಾಗಿ ಬಾಡಿಗೆಗೆ ಹಿಡಿಯುವದು ಕೆಲವು ಕಡೆ ಅಗ್ಗ. ಬಿಚ್ಚಿ ಮತ್ತೆ ಜೋಡಿಸುವಂಥ ಚೌಕಟ್ಟುಗಳಾದರೆ ಮುಂದಿನ ಕೆಲಸಕ್ಕೂ ಬರುವವು. ಶೆಡ್ಡಿನ ಖರ್ಚು ಜನ ಕಡಿಮೆಯಾದರೂ ಇಳಿಯುವದಿಲ್ಲ. ಆದದರಿಂದ ಆಳುಗಳು ಬೇಸತ್ತು ಬಿಟ್ಟುಹೋಗದಂತೆ ನೋಡಿಕೊಳ್ಳುವದೇ ದೊಡ್ಡ ಉಳಿತಾಯ.

ಆದರೆ ಒಂದು ಮಾರ್ಗ ಎಲ್ಲಕ್ಕಿಂತ ಸುಲಭವಾಗಿ ತೋರುತ್ತದೆ, ಅದೇ ಕೆಟ್ಟದ್ದು. ನಾಲ್ವತ್ತು ಜನರ ಶೆಡ್ಡಿನಲ್ಲಿ ಅರುವತ್ತು ಜನರನ್ನು ಮಲಗಿಸುವದು. ಮೇಲಿನ ಲೆಕ್ಕವನ್ನೇ ಹಿಡಿದರೆ ಇಪ್ಪತ್ತು ರೂಪಾಯಿ ಚಿಲ್ಲರೆ ಹದಿನಾಲ್ಕಕ್ಕೆ ಇಳಿಯುವದು. ಉಳಿದದ್ದು ಸುಮಾರು ಏಳು ರೂಪಾಯಿ. ಈ ಏಳು ರೂಪಾಯಿ ನಿಜವಾಗಿ ಉಳಿಯಿತೋ ಎಂದು ನಾವು ಕೇಳುತ್ತೇವೆ. ಅದು ನಿದ್ರೆ ಇಲ್ಲದೆ ಮರುದಿವಸ ಸಾರವೆ ಹತ್ತುವವನ ಕಾಲಿನಲ್ಲಿದೆ. ಒಬ್ಬನ ಕೆಮ್ಮು ಹನ್ನೆರಡು ಜನರಿಗೆ ಹತ್ತುವದರಲ್ಲಿದೆ. ಸಿಂಗಾಪುರವು ಶುದ್ಧವಾದ, ಐಶ್ವರ್ಯವಂತ ಪಟ್ಟಣವೆಂದು ಎಲ್ಲರೂ ಬಲ್ಲರು. ಅಲ್ಲಿ ಕಟ್ಟಡ ಮತ್ತು ಹಡಗುಕಟ್ಟೆಗಳಲ್ಲಿ ದುಡಿಯುವ ಪರದೇಶಿಯರು, ಅವರಲ್ಲಿ ನಮ್ಮ ದೇಶದವರೂ ಬಹಳ, ದೊಡ್ಡ ದೊಡ್ಡ ವಸತಿಗೃಹಗಳಲ್ಲಿ ಒಂದೇ ಕೋಣೆಯಲ್ಲಿ ಅನೇಕರಂತೆ ವಾಸಿಸುತ್ತಿದ್ದರು. 2020ರಲ್ಲಿ ಕೊರೋನಾ ಬಂದಾಗ ಅದು ಆ ಕೋಣೆಗಳಲ್ಲಿ ಹುಲ್ಲಿಗೆ ಬೆಂಕಿ ಹತ್ತಿದಂತೆ ಹಬ್ಬಿತು. ಅಂಥ ವಸತಿಗಳಲ್ಲಿದ್ದ ಮೂರು ಲಕ್ಷಕ್ಕೂ ಹೆಚ್ಚು ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಆ ರೋಗ ತಗಲಿತ್ತೆಂದು ಅದೇ ವರುಷದ ಕಡೆಗೆ ಅಲ್ಲಿಯ ಸರಕಾರವೇ ಲೆಕ್ಕ ಕೊಟ್ಟಿತು. ಸ್ಥಳದಲ್ಲಿ ಉಳಿಸಿದ್ದನ್ನು ದೇಶವೆಲ್ಲ ಸೇರಿ ತೆರಬೇಕಾಯಿತು.

ಅದೇ ವರುಷ ನಮ್ಮಲ್ಲಿ ಆದದ್ದನ್ನು ನಾವು ಯಾರಿಗೂ ಜ್ಞಾಪಿಸಬೇಕಾಗಿಲ್ಲ. ಮಾರ್ಚ್ 25ಕ್ಕೆ ದೇಶವೆಲ್ಲ ಮುಚ್ಚಿತು. ಬಾಡಿಗೆದಾರರಾದ ವಲಸೆ ಕೆಲಸಗಾರರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದೆಂದು ಮಾರ್ಚ್ 29ರಂದು ಕೇಂದ್ರ ಸರಕಾರದ ಆಜ್ಞೆಯಾಯಿತು; ಆದರೆ ಅಷ್ಟರೊಳಗೆ ಜನರು ತಲೆಯ ಮೇಲೆ ಗಂಟು ಹೊತ್ತು ನಡೆಯತೊಡಗಿದ್ದರು. ಕೆಲಸದೊಡನೆ ಕಟ್ಟಿದ ಸೂರು ಕೆಲಸದೊಡನೆಯೇ ಬೀಳುತ್ತದೆಂಬದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಮೇ ತಿಂಗಳ ಮೊದಲಲ್ಲಿ ನಮ್ಮ ರಾಜ್ಯದ ಸರಕಾರವು ಕಟ್ಟಡ ಕಟ್ಟಿಸುವವರೊಡನೆ ಮಾತಾಡಿದ ಬಳಿಕ ಊರಿಗೆ ಹೋಗುವವರ ರೈಲುಗಳನ್ನು ನಿಲ್ಲಿಸಿ, ಆಕ್ಷೇಪ ಎದ್ದ ಮೇಲೆ ಎರಡು ಮೂರು ದಿವಸಗಳಲ್ಲಿ ಮತ್ತೆ ಬಿಟ್ಟಿತು. ಆಳು ಹೋಗಬಾರದೆಂದು ಅಷ್ಟು ಆಸೆ ಇದ್ದವರು ಅವನು ಮಲಗುವ ಸ್ಥಳದ ಮೇಲೆ ಮುಂಚಿತವಾಗಿಯೇ ಸ್ವಲ್ಪ ಹಣ ಹಾಕಿದ್ದರೆ ರೈಲು ನಿಲ್ಲಿಸುವ ಮಾತೇ ಹುಟ್ಟುತ್ತಿರಲಿಲ್ಲವೆಂದು ನಮಗೆ ಕಾಣುತ್ತದೆ.

ತೋಟಗಳ ಲೈನುಮನೆಗಳ ಸಂಗತಿ ಇನ್ನೊಂದು ರೀತಿಯದು. ಅಲ್ಲಿ ತಲೆಮಾರುಗಳೇ ಕಳೆಯುತ್ತವೆ. 1951ರ ತೋಟ ಕಾರ್ಮಿಕರ ಕಾನೂನು ಕೆಲಸಗಾರನಿಗೂ ಕುಟುಂಬಕ್ಕೂ ಮನೆ ಕೊಡುವ ಹೊಣೆಯನ್ನು ಯಜಮಾನನ ಮೇಲೆ ಇಟ್ಟಿತು. ಅದಕ್ಕೆ 1981ರಲ್ಲಿ ಮಾಡಿದ ತಿದ್ದುಪಡಿಯು ನಮ್ಮ ಮನಸ್ಸಿಗೆ ಬಹು ಹಿಡಿಸಿತು. ಅದೇನಂದರೆ, ಕೊಟ್ಟ ಮನೆಯು ಕುಸಿದು ಯಾರಾದರೂ ಸತ್ತರೆ ಇಲ್ಲವೆ ಗಾಯಪಟ್ಟರೆ, ವಾಸಿಸುವವನ ತಪ್ಪಿನಿಂದಾಗಲಿ ಪ್ರಕೃತಿಯ ವಿಕೋಪದಿಂದಾಗಲಿ ಆದದ್ದಲ್ಲದಿದ್ದರೆ, ಯಜಮಾನನೇ ಪರಿಹಾರ ಕೊಡಬೇಕು. ಮನೆ ಕೊಟ್ಟೆನೆಂಬಲ್ಲಿಗೆ ಅವನ ಕೆಲಸ ತೀರಲಿಲ್ಲ. ಆ ಗೋಡೆ ನಿಂತಿರುವ ವರೆಗೂ ಅದರ ಭಾರದಲ್ಲಿ ಅವನ ಪಾಲಿದೆ.

ಆದರೆ ಕೆಲಸವೇ ಇಲ್ಲವಾದರೆ? ಕೋಲಾರದ ಚಿನ್ನದ ಗಣಿಗಳು ನೂರಿಪ್ಪತ್ತು ವರುಷ ನಡೆದು 2001ರಲ್ಲಿ ಮುಚ್ಚಿದವು. ಗಣಿಯವರ ಚಿಕ್ಕ ಚಿಕ್ಕ ಮನೆಗಳಲ್ಲಿ ಅಜ್ಜ, ಮಗ, ಮೊಮ್ಮಗ ಮೂರು ತಲೆಯವರು ಹುಟ್ಟಿ ಬೆಳೆದಿದ್ದರು. ಗಣಿ ಮುಚ್ಚಿದ ಮೇಲೆಯೂ ಅನೇಕ ಕುಟುಂಬಗಳು ಅಲ್ಲಿಯೇ ಉಳಿದು, ಗಂಡಸರೂ ಹೆಂಗಸರೂ ಬೆಳಗಾಗುವದಕ್ಕೆ ಮುಂಚೆ ರೈಲು ಹತ್ತಿ ಬೆಂಗಳೂರಿಗೆ ದುಡಿಯಹೋಗಿ ರಾತ್ರಿ ಮರಳುವವರಾದರು. ನಾವು ಮೇಲೆ ಹಾಕಿದ ಬೀಗದಕೈಯ ಗಡಿಯ ಪ್ರಕಾರ ಆ ಮನೆಗಳು ಸಾರವೆಯೇ. ಆದರೆ ಅಜ್ಜಿ ಸತ್ತ ಮನೆಯನ್ನು ಸಾರವೆ ಎನ್ನಲು ನಮಗೆ ನಾಲಿಗೆ ಬಾರದು. ಇಲ್ಲಿ ನಮ್ಮ ತರ್ಕ ಸೋಲುತ್ತದೆಂದು ಒಪ್ಪಿಕೊಳ್ಳುತ್ತೇವೆ. ಬಹುಕಾಲ ಒಂದು ಸೂರಿನ ಕೆಳಗೆ ಬದುಕಿದವನಿಗೆ ಅದರಲ್ಲಿ ಒಂದು ವಿಧವಾದ ಹಕ್ಕು ಹುಟ್ಟುತ್ತದೆ. ಅದು ಯಾವ ವರುಷದಲ್ಲಿ ಹುಟ್ಟಿತೆಂದು ಹೇಳಬಲ್ಲವರು ನಮಗಿಂತ ಬುದ್ಧಿವಂತರಾಗಿರಬೇಕು.

ಮತ್ತೊಂದು ಖರ್ಚಿದೆ, ಅದು ಯಾರ ಪುಸ್ತಕದಲ್ಲಿಯೂ ಬರುವದಿಲ್ಲ. ಗಂಡಸರನ್ನು ಮಾತ್ರ ತುಂಬಿದ ಶೆಡ್ಡು ಅಗ್ಗ. ಸಂಸಾರಕ್ಕೆಂದು ಕೋಣೆ ಕಟ್ಟಿದರೆ ದುಬಾರಿ. ಆದದರಿಂದ ಮೇಸ್ತ್ರಿಗಳು ಒಂಟಿ ಆಳುಗಳನ್ನೇ ಆರಿಸುತ್ತಾರೆ. ಆ ಉಳಿತಾಯವನ್ನು ತೆರುವವಳು ಊರಿನಲ್ಲಿ ಎರಡು ವರುಷ ಒಬ್ಬಳೇ ಹೊಲ ನೋಡಿಕೊಂಡು, ಅತ್ತೆಯ ಔಷಧ ತಂದು, ಮಗುವಿನ ಜ್ವರಕ್ಕೆ ರಾತ್ರಿ ಎಚ್ಚತ್ತಿರುವವಳು. ಇದನ್ನು ಓದುವವರಲ್ಲಿ ಅಂಥವರು ಇದ್ದಾರೆಂದು ನಾವು ಬಲ್ಲೆವು.

ಆಳುಗಳಾದ ಸಹೋದರರಿಗೂ ಒಂದು ಮಾತು. ಪುಕ್ಕಟೆ ಕೊಟ್ಟದ್ದನ್ನು ಜನ ಜೋಪಾನ ಮಾಡುವದಿಲ್ಲವೆಂಬ ನಮ್ಮ ಮೊದಲಿನ ಮಾತು ತಪ್ಪಾದರೂ ಅದಕ್ಕೆ ಆಸ್ಪದವಿಲ್ಲದಿರಲಿಲ್ಲ. ನಲ್ಲಿಯನ್ನು ತೆರೆದೇ ಬಿಟ್ಟು ಹೋಗುವದು, ಕಕ್ಕಸನ್ನು ಹೊಲಸು ಮಾಡಿ ಮತ್ತೊಬ್ಬರ ಪಾಲಿಗೆ ಬಿಡುವದು, ಇವುಗಳಿಂದ ಏರುವ ಖರ್ಚು ಕಡೆಗೆ ನಿಮ್ಮ ಮೇ‌ಲೆಯೇ ಬರುವದು. ಮುಂಗಡ ತಕ್ಕೊಳ್ಳುವ ದಿವಸವೇ ಬಿಡಾರದ ಬಾಬ್ತು ಏನಾದರೂ ಹಿಡಿಯುವಿರೋ ಎಂದು ನಾಲ್ಕು ಜನರ ಮುಂದೆ ಕೇಳಿರಿ. ಕೇಳುವದು ಅಮರ್ಯಾದೆಯಲ್ಲ.

ಪಟ್ಟಣದಿಂದ ಹೊರಡುವ ಮುಂಚೆ ನಾವು ಮೇಸ್ತ್ರಿಗಳನ್ನು ಕರೆದು, ನಾವು ಹೇಳಿದ ಬುದ್ಧಿ ತಪ್ಪಾಗಿತ್ತೆಂದು ಹೇಳಿದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ. "ಅಯ್ಯನವರೇ, ಆಗ ತಪ್ಪಲ್ಲವೆಂದಿರಿ, ಆ ಮಾತನ್ನು ನಂಬಿ ಎಂಟು ತಿಂಗಳು ಹಿಡಿದಿದ್ದೇನೆ. ಈಗ ಅದನ್ನು ಯಾರು ಕೊಡುವದು?" ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಮುದುಕನ 330 ರೂಪಾಯಿಯನ್ನು ಅವರು ನಮ್ಮೆದುರಿಗೇ ಹೊಡೆದುಹಾಕಿದರು. ಮುಂದಿನ ವಾರದಿಂದ ಹಿಡಿಯುವದನ್ನು ನಿಲ್ಲಿಸಿ, ಬಿಡಾರದ ಲೆಕ್ಕವನ್ನು ಬರೆದುಕೊಂಡು ಯಜಮಾನರ ಬಳಿಗೆ ಹೋದರು. ಯಜಮಾನರು ನೀರಿನ ಹಣವನ್ನು ಕೊಡಲೊಪ್ಪಿದರು, ಶೆಡ್ಡಿನದನ್ನು ಒಪ್ಪಲಿಲ್ಲ. ಎಂಟು ತಿಂಗಳ ಹಣದಲ್ಲಿ ಅವರು ಆಳುಗಳಿಗೆ ಸ್ವಲ್ಪ ಸ್ವಲ್ಪವಾಗಿ ತಿರುಗಿ ಕೊಡುತ್ತಿದ್ದಾರೆಂದು ಕೇಳಿದ್ದೇವೆ. ತಪ್ಪು ಬುದ್ಧಿ ಹೇಳಿದ ನಮ್ಮ ಪಾಲು ಅದರಲ್ಲಿ ಎಷ್ಟೆಂದು ನಾವೇ ಗೊತ್ತುಮಾಡಿ, ಕಳೆದ ತಿಂಗಳಿನಿಂದ ಅವರಿಗೆ ಕಳುಹಿಸುತ್ತಿದ್ದೇವೆ. ಹೊಸದೊಂದು ಕೆಲಸದ ದರಪಟ್ಟಿಯನ್ನು ಅವರು ಮೊನ್ನೆ ನಮಗೆ ತೋರಿಸಿದರು. ಅದರಲ್ಲಿ ಸಿಮೆಂಟಿಗೂ ಮರಳಿಗೂ ಮೇಲೆ, ಮೊದಲನೆಯ ಸಾಲಿನಲ್ಲಿ, ಬಿಡಾರ ಎಂದು ಬರೆದಿತ್ತು. ಆ ದರಕ್ಕೆ ಕೆಲಸ ಸಿಕ್ಕುವದೋ ಇಲ್ಲವೋ ಇನ್ನೂ ತಿಳಿದಿಲ್ಲ.